ತಂತಿ ಇದ್ದಲ್ಲೇ ಅದುರುತ್ತದೆ, ತರಂಗ ಎಲ್ಲಿದೆ?

ಕೇಳಿದವರು: ಮಗಳು ಸ್ಥಾಯಿ ತರಂಗಗಳ (ಮುಂದೆ ಸಾಗದೆ ನಿಂತಲ್ಲೇ ಇರುವಂತೆ ಕಾಣುವ ಅಲೆಗಳ) ಲೆಕ್ಕಗಳನ್ನು ತಪ್ಪಿಲ್ಲದೆ ಬಿಡಿಸುತ್ತಾಳೆ. ನಿನ್ನೆ ಗಿಟಾರ್ ಹಿಡಿದು ಕೇಳಿದಳು: "ತಂತಿ ಇದ್ದಲ್ಲೇ ಅದುರುತ್ತಿದೆ, ಏನೂ ಎಲ್ಲಿಗೂ ಹೋಗುತ್ತಿಲ್ಲ. ಇದನ್ನು ತರಂಗ ಎನ್ನುವುದೇಕೆ?" ನನಗೆ ಉತ್ತರ ಹೊಳೆಯಲಿಲ್ಲ. ನೀವು ಮಕ್ಕಳಿಗೆ ಇದನ್ನು ಹೇಗೆ ಮನಗಾಣಿಸಿದಿರಿ?

ಭೌತಶಾಸ್ತ್ರ ಕಲಿಸುವವರು: ಅವಳ ಅನುಮಾನವನ್ನು ಸೂತ್ರದಿಂದ ಮುಚ್ಚಿಬಿಡಬೇಡಿ. ನಾನು ಹಲವು ವರ್ಷ ಆ ತಪ್ಪು ಮಾಡಿದೆ. ಹಲಗೆಯ ಮೇಲೆ ಎರಡು ಸೈನ್ ಪದಗಳನ್ನು ಕೂಡಿಸಿ ತೋರಿಸುತ್ತಿದ್ದೆ, ಮಕ್ಕಳು ಬರೆದುಕೊಳ್ಳುತ್ತಿದ್ದರು, ಅಷ್ಟೇ.

ಈಗ ನಾಲ್ಕೈದು ಮೀಟರ್ ಉದ್ದದ ದಪ್ಪ ಹಗ್ಗದಿಂದ ಆರಂಭಿಸುತ್ತೇನೆ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಬಿಗಿಯಾಗಿ ಹಿಡಿದು ಚಟ್ಟನೆ ಮೇಲೆತ್ತಿ ಇಳಿಸಬೇಕು. ಒಂದು ಉಬ್ಬು ಓಡಿಹೋಗಿ, ಕಟ್ಟಿದ ತುದಿಯಲ್ಲಿ ಮಗುಚಿಕೊಂಡು ತಗ್ಗಾಗಿ ಮರಳುತ್ತದೆ. ಅದನ್ನು ಹತ್ತು ಸಲ ನೋಡಲಿ, ಅವಸರ ಬೇಡ. ಆಮೇಲೆ ಕೈಯನ್ನು ಒಂದೇ ಸಮನೆ ಆಡಿಸಲಿ. ಹೋಗುವ ಅಲೆಯೂ ಮರಳುವ ಅಲೆಯೂ ಒಂದರ ಮೇಲೊಂದು ಬಿದ್ದು, ಒಂದು ವೇಗದಲ್ಲಿ ಹಗ್ಗ ಒಂದೇ ದೊಡ್ಡ ಕಮಾನಾಗುತ್ತದೆ. ಇಮ್ಮಡಿ ವೇಗದಲ್ಲಿ ಎರಡು ಕಮಾನು, ನಡುವೆ ಅಲುಗದ ಒಂದು ಬಿಂದು. ಅದೇ ನಿಸ್ಪಂದ ಬಿಂದು. ಕೈ ಆಡಿಸುವುದು ಬಹಳ ಕಡಿಮೆ ಇರಲಿ. ಜೋರಾಗಿ ಬೀಸಿದರೆ ಆಕಾರವೇ ಕೆಡುತ್ತದೆ.

ನಂತರ ಗಿಟಾರಿಗೆ ಬನ್ನಿ. ಐದನೆಯ ತಂತಿಯ ಉದ್ದ ಸುಮಾರು 65 ಸೆಂಟಿಮೀಟರ್, ಆವೃತ್ತಿ 110 ಹರ್ಟ್ಸ್, ಅಂದರೆ ಸೆಕೆಂಡಿಗೆ 110 ಸಲ ಅದುರುತ್ತದೆ. ಹೋಗಿಬರುವ ದಾರಿ 1.3 ಮೀಟರ್, ಸೆಕೆಂಡಿಗೆ 110 ಸುತ್ತು, ಅಂದರೆ ಅಲೆಯ ವೇಗ ಸೆಕೆಂಡಿಗೆ 143 ಮೀಟರ್. ಹಗ್ಗದಲ್ಲಿ ಕಂಡ ಓಟವೇ ಇಲ್ಲೂ ನಡೆದಿದೆ, ನಮ್ಮ ಕಣ್ಣು ಹಿಂದೆ ಬಿದ್ದಿದೆ. ಈ ಲೆಕ್ಕ ಮುಗಿದಾಗ ತರಗತಿಯಲ್ಲಿ ಮೂಡುವ ಮೌನಕ್ಕಾಗಿಯೇ ನಾನು ಪ್ರತಿ ವರ್ಷ ಕಾಯುತ್ತೇನೆ.

ಗಿಟಾರ್ ನುಡಿಸುವವರು: ಕಿವಿಯನ್ನೂ ಸೇರಿಸಿಕೊಳ್ಳಿ. ಹನ್ನೆರಡನೆಯ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಯ) ನೇರ ಮೇಲೆ, ಅಂದರೆ ಉದ್ದದ ನಟ್ಟನಡುವೆ, ಅದೇ ಐದನೆಯ ತಂತಿಗೆ ಬೆರಳು ಸೋಕಿಸಿ, ಒತ್ತದೆ, ಮೀಟಿದ ಕೂಡಲೇ ಬೆರಳು ತೆಗೆಯಲಿ. 220 ಹರ್ಟ್ಸಿನ ತಿಳಿಯಾದ ಸ್ವರ ಉಳಿಯುತ್ತದೆ. ಏಳನೆಯ ಫ್ರೆಟ್ಟಿನಲ್ಲಿ, ಅಂದರೆ ಉದ್ದದ ಮೂರನೇ ಒಂದು ಭಾಗದಲ್ಲಿ, 330. ಬೆರಳು ಹೊಸ ಸ್ವರ ಹುಟ್ಟಿಸಲಿಲ್ಲ. ಮೊದಲೇ ಬೆರೆತಿದ್ದ ಸ್ವರಗಳಲ್ಲಿ ಆ ಬಿಂದುವಿನಲ್ಲಿ ಅಲುಗುವವನ್ನೆಲ್ಲ ಅಡಗಿಸಿತು. ಒಂದೇ ತಂತಿ ಏಕಕಾಲಕ್ಕೆ ಹಲವು ಆಕಾರಗಳಲ್ಲಿ ಅದುರುತ್ತದೆ ಎಂಬುದು ನನಗೆ ಅರ್ಥವಾದದ್ದು ಹೀಗೆ, ಪುಸ್ತಕದಿಂದಲ್ಲ.

ಇನ್ನೊಬ್ಬರು: ಕಣ್ಣಿಗೂ ಒಂದು ಸಾಕ್ಷಿ ಬೇಕಾದರೆ ಕಾಗದದ ಸಣ್ಣ ಚೂರುಗಳನ್ನು ಮಡಚಿ ತಂತಿಯ ಮೇಲೆ ಕುದುರೆ ಸವಾರರಂತೆ ಕೂರಿಸಿ. ಮೂರನೇ ಒಂದು ಭಾಗದಲ್ಲಿ ಬೆರಳು ಸೋಕಿಸಿ ಗಿಡ್ಡ ಭಾಗವನ್ನು ಮೀಟಿದರೆ, ಮೂರನೇ ಎರಡರಲ್ಲಿ ಕುಳಿತ ಚೂರು ಕದಲುವುದಿಲ್ಲ, ಅದರ ಆಚೀಚೆ ಇರುವವು ಹಾರಿಬೀಳುತ್ತವೆ. ಕಾಗದದ ಸವಾರರ ಇಂಥ ಪ್ರಯೋಗವನ್ನು ಇಂಗ್ಲಿಷ್ ಗಣಿತಜ್ಞ ಜಾನ್ ವಾಲಿಸ್ 1677ರಲ್ಲೇ ವರದಿ ಮಾಡಿದ್ದರು. ನಮ್ಮ ಮನೆಯಲ್ಲಿ ಮೊದಲೆರಡು ಸಲ ಎಲ್ಲ ಚೂರುಗಳೂ ಬಿದ್ದವು. ಅಳತೆ ಪಟ್ಟಿಯಿಂದ ಗುರುತು ಹಾಕಿದ ಮೇಲೆ ಸರಿಹೋಯಿತು.

ಲೆಕ್ಕದಲ್ಲಿ ಎಡವುವ ಜಾಗವೊಂದಿದೆ: ಅಕ್ಕಪಕ್ಕದ ಎರಡು ನಿಸ್ಪಂದಗಳ ನಡುವಿನ ದೂರ ಅರ್ಧ ತರಂಗಾಂತರ, ಪೂರ್ತಿಯಲ್ಲ. ಒಂದು ಉಬ್ಬು, ಒಂದು ತಗ್ಗು ಎರಡೂ ಸೇರಿದರೇ ಪೂರ್ತಿ ತರಂಗಾಂತರ.

ಕೇಳಿದವರು: ಹಗ್ಗ, ಬೆರಳು, ಕಾಗದ ಮೂರೂ ಮಾಡಿದೆವು. ಉಬ್ಬು ಮಗುಚಿ ಬಂದಾಗಲೇ ಅವಳಿಗೆ ಅರ್ಧ ಉತ್ತರ ಸಿಕ್ಕಿತು. ಬಳಿಕ ಮೊಬೈಲಿನಲ್ಲಿ ಧ್ವನಿಯ ರೋಹಿತ, ಅಂದರೆ ಅದರಲ್ಲಿ ಬೆರೆತ ಆವೃತ್ತಿಗಳ ಚಿತ್ರ, ನೋಡಿದೆವು. ತಂತಿಯನ್ನು ಸರಿಯಾಗಿ ಮಧ್ಯದಲ್ಲಿ ಮೀಟಿದರೆ 220, 440 ತೀರಾ ಕುಗ್ಗುತ್ತವೆ. 110ರ ಮೂಲ ಸ್ವರದ ಜೊತೆ ಬೆರೆತ ಮೇಲಿನ ಸ್ವರಗಳು, ಅಂದರೆ ಹಾರ್ಮೋನಿಕ್‌ಗಳು ಮಾತ್ರ 110ರ ಗುಣಕಗಳಿಗಿಂತ ಸ್ವಲ್ಪ ಹೆಚ್ಚು ಬರುತ್ತಿವೆ. ನಮ್ಮ ತಪ್ಪೇ?

ಭೌತಶಾಸ್ತ್ರ ಕಲಿಸುವವರು: ಮೂಲ ಸ್ವರವನ್ನು ಸರಿಯಾಗಿ ಅಳೆದಿದ್ದರೆ ತಪ್ಪಲ್ಲ. ನಮ್ಮ ಸೂತ್ರ ತಂತಿಗೆ ಬಾಗುವಾಗ ಯಾವ ಪ್ರತಿರೋಧವೂ ಇಲ್ಲವೆಂದು ಎಣಿಸುತ್ತದೆ. ಲೋಹದ ತಂತಿಗೆ ತನ್ನದೇ ಪೆಡಸುತನವಿದೆ. ಕಮಾನುಗಳು ಚಿಕ್ಕದಾದಷ್ಟೂ ಅದು ಹೆಚ್ಚು ಬಾಗಬೇಕು, ಆವೃತ್ತಿ ಮೇಲೇರುತ್ತದೆ. ಪಿಯಾನೊ ಶ್ರುತಿ ಮಾಡುವವರು ಇದನ್ನು ಗಮನಿಸಿಯೇ ಮೇಲಿನ ಸ್ವರಗಳನ್ನು ತುಸು ಏರಿಸಿ ಕೂರಿಸುತ್ತಾರೆ. ದಪ್ಪ ತಂತಿಯಲ್ಲೂ ತೆಳು ತಂತಿಯಲ್ಲೂ ಅಳೆದು ಹೋಲಿಸಲು ಅವಳಿಗೆ ಹೇಳಿ, ಬಂದ ಅಂಕಿಗಳನ್ನು ನಮಗೂ ತಿಳಿಸಿ.