ಯೂನ್ ಯೊ-ಜಂಗ್ ಅವರ ನಟನಾ ಬದುಕಿನಲ್ಲಿ ಆ ಮೂವತ್ತು ವರ್ಷ ಎಲ್ಲಿ ಹೋಯಿತು?

ಪ್ರಶ್ನೆ – ತುಂಗಾತೀರ

ಅಮೆರಿಕಕ್ಕೆ ವಲಸೆ ಹೋದ ಕೊರಿಯನ್ ಕುಟುಂಬವೊಂದರ ಕಥೆಯಾದ ‘ಮಿನಾರಿ’ ಚಿತ್ರವನ್ನು ಈಚೆಗೆ ಎರಡನೆಯ ಬಾರಿ ನೋಡಿದೆ. ಮೊದಲ ಸಲ ಕಥೆಯ ಜೊತೆಗೆ ಓಡಿದ್ದೆ. ಈ ಸಲ ಅಜ್ಜಿ ಸೂನ್-ಜಾ ಪಾತ್ರದ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಆ ಪಾತ್ರಕ್ಕಾಗಿ ಯೂನ್ ಯೊ-ಜಂಗ್ ಅವರಿಗೆ 2021ರಲ್ಲಿ ಆಸ್ಕರ್ ಬಂದಾಗ ಅವರಿಗೆ 73 ವರ್ಷ. ನಟನೆಗಾಗಿ ಆ ಪ್ರಶಸ್ತಿ ಪಡೆದ ಮೊದಲ ಕೊರಿಯನ್ ಕಲಾವಿದೆ ಅವರೇ ಎಂಬುದನ್ನೂ, ಅವರ ಮೊದಲ ಚಿತ್ರ 1971ರಷ್ಟು ಹಿಂದಿನದು ಎಂಬುದನ್ನೂ ಓದಿ ತಿಳಿದೆ. ಆದರೆ ಚಿತ್ರಗಳ ಪಟ್ಟಿಯನ್ನು ನೋಡುತ್ತ ಹೋದರೆ 1972ರಿಂದ 2003ರವರೆಗೆ ಹೆಚ್ಚುಕಡಿಮೆ ಬಯಲು. ಆ ಮೂರು ದಶಕ ಅವರು ಏನು ಮಾಡುತ್ತಿದ್ದರು? ಮರೆತುಹೋಗಿದ್ದ ನಟಿಯನ್ನು ಯಾರೋ ಮುಪ್ಪಿನಲ್ಲಿ ಹುಡುಕಿ ತಂದರು ಎಂದು ತಿಳಿಯಬೇಕೆ, ಅಥವಾ ಪಟ್ಟಿಯಲ್ಲಿ ಕಾಣದ ಏನಾದರೂ ಇದೆಯೆ? ಕೊರಿಯನ್ ಧಾರಾವಾಹಿಗಳನ್ನು ನಾನು ಹೆಚ್ಚು ನೋಡಿದವನಲ್ಲ, ಆದ್ದರಿಂದ ಯಾವುದರಿಂದ ಆರಂಭಿಸಬೇಕೆಂದೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ – ಸಂಜೆಯ ಧಾರಾವಾಹಿ

ನಿಮ್ಮ ಪ್ರಶ್ನೆಯಲ್ಲಿಯೇ ಒಂದು ತೊಡಕಿದೆ. ಸಿನಿಮಾದ ಪಟ್ಟಿಯನ್ನು ಮಾತ್ರ ಹಿಡಿದು ಕುಳಿತರೆ ಕೊರಿಯಾದ ಅವರ ತಲೆಮಾರಿನ ಯಾವ ನಟಿಯ ಬದುಕೂ ಅರ್ಥವಾಗುವುದಿಲ್ಲ, ಏಕೆಂದರೆ ಅವರೆಲ್ಲರ ಅನ್ನ ಇದ್ದದ್ದು ದೂರದರ್ಶನದಲ್ಲಿ. ಯೂನ್ ಅವರು ಬಣ್ಣ ಹಚ್ಚಿದ್ದೂ ಮೊದಲು ಅಲ್ಲಿಯೇ. 1947ರಲ್ಲಿ ಈಗ ಉತ್ತರ ಕೊರಿಯಾದಲ್ಲಿರುವ ಕೇಸಾಂಗ್ ಪಟ್ಟಣದಲ್ಲಿ ಹುಟ್ಟಿ ಸೋಲ್‌ನಲ್ಲಿ ಬೆಳೆದ ಅವರು, ಹನ್ಯಾಂಗ್ ವಿಶ್ವವಿದ್ಯಾಲಯದಲ್ಲಿ ಕೊರಿಯನ್ ಸಾಹಿತ್ಯ ಓದುತ್ತಿದ್ದಾಗ, 1966ರಲ್ಲಿ, ಟಿಬಿಸಿ ವಾಹಿನಿ ಹೊಸ ಕಲಾವಿದರಿಗಾಗಿ ನಡೆಸಿದ ಆಯ್ಕೆಯಲ್ಲಿ ಗೆದ್ದು, ಓದನ್ನು ಅರ್ಧಕ್ಕೆ ಬಿಟ್ಟವರು.

1971 ಅವರ ಪಾಲಿಗೆ ವಿಚಿತ್ರವಾದ ವರ್ಷ. ಎಂಬಿಸಿ ವಾಹಿನಿಯ ಐತಿಹಾಸಿಕ ಧಾರಾವಾಹಿಯಲ್ಲಿ ಅವರು ಜಾಂಗ್ ಹುಯಿ-ಬಿನ್ ಆದರು. ಜೋಸನ್ ರಾಜವಂಶದ ಅರಮನೆಯಲ್ಲಿ ರಾಣಿಯನ್ನೇ ಕೆಳಗಿಳಿಸಿ ಆ ಸ್ಥಾನಕ್ಕೇರಿ, ಕೊನೆಗೆ ವಿಷ ಕುಡಿದು ಸಾಯಬೇಕಾಗಿ ಬಂದ ರಾಜನ ಉಪಪತ್ನಿಯ ಪಾತ್ರ ಅದು. ಜನ ಪಾತ್ರವನ್ನೂ ನಟಿಯನ್ನೂ ಬೇರೆ ಮಾಡಿ ನೋಡದೆ, ಬೀದಿಯಲ್ಲಿ ಕಂಡರೆ ಬೈಯುತ್ತಿದ್ದರೆಂದು ಅವರೇ ಹೇಳಿಕೊಂಡಿದ್ದಾರೆ. ಅದೇ ವರ್ಷ ಕಿಮ್ ಕಿ-ಯಂಗ್ ಎಂಬ ನಿರ್ದೇಶಕ ಅವರನ್ನು ‘ಹ್ವನ್ಯೊ’, ಅಂದರೆ ಬೆಂಕಿಯ ಹೆಣ್ಣು, ಎಂಬ ಚಿತ್ರಕ್ಕೆ ಕರೆದ. ಈತ 1960ರಲ್ಲಿ ‘ಹನ್ಯೊ’, ಅಂದರೆ ಮನೆಗೆಲಸದವಳು, ಎಂಬ ಚಿತ್ರ ಮಾಡಿ, ತನ್ನದೇ ಆ ಕಥೆಯನ್ನು ಮತ್ತೆ ಮತ್ತೆ ತಿರುವಿ ಮಾಡುತ್ತಿದ್ದ ವಿಲಕ್ಷಣ ಪ್ರತಿಭೆ. ಕೋಳಿ ಸಾಕಣೆ ಮಾಡುವ ಒಂದು ಕುಟುಂಬಕ್ಕೆ ಕೆಲಸಕ್ಕೆಂದು ಹಳ್ಳಿಯಿಂದ ಬರುವ ಹುಡುಗಿ, ಆ ಮನೆಯ ಯಜಮಾನ, ಅವನ ಹೆಂಡತಿ – ಈ ಮೂವರ ನಡುವೆ ಕಥೆ ನಡೆಯುತ್ತದೆ. ಆ ಹುಡುಗಿಯ ಪಾತ್ರಕ್ಕಾಗಿ ಯೂನ್ ಅವರಿಗೆ ಸ್ಪೇನಿನ ಸಿಟ್ಜಸ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಮರುವರ್ಷ ಅದೇ ನಿರ್ದೇಶಕನ ‘ಚುಂಗ್ನ್ಯೊ’ ಚಿತ್ರದಲ್ಲಿಯೂ ಅವರಿದ್ದರು.

ಅಷ್ಟರಲ್ಲಿ ಮದುವೆ. ಗಾಯಕ ಜೋ ಯಂಗ್-ನಮ್ ಅವರನ್ನು ವರಿಸಿ ಅಮೆರಿಕದ ಫ್ಲಾರಿಡಾಕ್ಕೆ ಹೋದರು. ಇಬ್ಬರು ಗಂಡುಮಕ್ಕಳಾದರು. 1984ರಲ್ಲಿ ಕೊರಿಯಾಕ್ಕೆ ಹಿಂದಿರುಗಿ, 1987ರಲ್ಲಿ ವಿಚ್ಛೇದನ ಪಡೆದರು. ವಿಚ್ಛೇದಿತೆಯೊಬ್ಬಳು ಪರದೆಯ ಮೇಲೆ ಬರುವುದನ್ನು ಅಂದಿನ ಕೊರಿಯನ್ ಸಮಾಜ ಸುಲಭವಾಗಿ ಒಪ್ಪುತ್ತಿರಲಿಲ್ಲ. ಅವರ ಒಡಕು ದನಿಯ ಮೇಲೂ ವೀಕ್ಷಕರಿಂದ ದೂರುಗಳು ಬರುತ್ತಿದ್ದವು. ಒಂದು ಹಂತದಲ್ಲಿ, ಫ್ಲಾರಿಡಾದಲ್ಲಿ ತಾವು ಗಂಟೆಗೆ 2.75 ಡಾಲರ್ ಕೂಲಿಗೆ ದುಡಿದಿದ್ದ ದಿನಸಿ ಮಳಿಗೆಯ ಕೆಲಸಕ್ಕೇ ಮರಳಿಬಿಡೋಣವೇ ಎಂದು ಯೋಚಿಸಿದ್ದರಂತೆ. ಮರಳಲಿಲ್ಲ. ಮಕ್ಕಳನ್ನು ಸಾಕಲು ಸಿಕ್ಕಿದ ಸಣ್ಣ ಪಾತ್ರಗಳನ್ನೆಲ್ಲ ಮಾಡಿದರು, ಇಂಥದು ಅಂಥದು ಎನ್ನಲಿಲ್ಲ.

ನೀವು ಬಯಲೆಂದು ಕಂಡದ್ದು ಹೀಗೆ ದುಡಿದ ವರ್ಷಗಳು. ಆ ಕಾಲದಲ್ಲಿ ಅವರ ಕೈ ಹಿಡಿದವರು ಧಾರಾವಾಹಿ ಲೇಖಕಿ ಕಿಮ್ ಸೂ-ಹ್ಯನ್. 1991–92ರಲ್ಲಿ ಎಂಬಿಸಿಯಲ್ಲಿ ಬಂದ ‘ಸರಾಂಗಿ ಮ್ವೊಗಿಲ್ಲೆ’, ಅಂದರೆ ‘ಪ್ರೀತಿಯೆಂದರೆ ಅದೇನು ಮಹಾ’ ಎಂಬಂಥ ಹೆಸರಿನ ಧಾರಾವಾಹಿ, ಕೊರಿಯಾದ ದೂರದರ್ಶನದ ಚರಿತ್ರೆಯಲ್ಲಿಯೇ ಅತಿ ಹೆಚ್ಚು ಜನ ನೋಡಿದ ಕಥೆಗಳಲ್ಲಿ ಒಂದು. ಎರಡು ಬೀಗರ ಮನೆಗಳ ಆ ಕಥೆಯಲ್ಲಿ ಒಂದು ಮನೆಯ ತಾಯಿ ಕಿಮ್ ಹೆ-ಜಾ, ಇನ್ನೊಂದು ಮನೆಯ ತಾಯಿ ಯೂನ್. 1997ರಲ್ಲಿ ಚೀನಾದ ಸರ್ಕಾರಿ ವಾಹಿನಿ ಇದನ್ನು ಪ್ರಸಾರ ಮಾಡಿದಾಗ ಅಲ್ಲಿ ಎದ್ದ ಕುತೂಹಲವನ್ನೇ ‘ಹಲ್ಯು’ ಎನ್ನುವ ಕೊರಿಯನ್ ಅಲೆಯ ಆರಂಭಗಳಲ್ಲಿ ಒಂದೆಂದು ಎಣಿಸುತ್ತಾರೆ. ಇಂದು ನಮ್ಮ ಮನೆಗಳ ಮೊಬೈಲಿನಲ್ಲಿ ಕೊರಿಯನ್ ಧಾರಾವಾಹಿ ಓಡುವುದಕ್ಕೂ ಆ ಅಲೆಯೇ ಕಾರಣವಾದ್ದರಿಂದ, ಈ ಅಮ್ಮನ ಪಾತ್ರಕ್ಕೆ ನಾವೂ ಸ್ವಲ್ಪ ಋಣಿಗಳೇ. ಇಂಥ ನಟಿಯನ್ನು ಮರೆತುಹೋಗಿದ್ದವರು ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಉತ್ತರ – ನೆಗೆಟಿವ್ ರೀಲು

ಮೇಲಿನವರು ಹೇಳಿದ ಸಂಗತಿಗಳೆಲ್ಲ ಸರಿ; ಆದರೆ ತೀರ್ಮಾನದ ಬಗ್ಗೆ ನನಗೆ ಅರ್ಧ ತಕರಾರಿದೆ. ಧಾರಾವಾಹಿಗಳು ಅವರಿಗೆ ಅನ್ನ ಕೊಟ್ಟವು, ನಿಜ. ಆದರೆ ಅಲ್ಲಿ ಅವರಿಗೆ ಒಪ್ಪಿಸಿದ್ದು ಬಹುಪಾಲು ಯಾರದೋ ತಾಯಿಯ, ಯಾರದೋ ಅತ್ತೆಯ ಪಾತ್ರಗಳನ್ನು. ‘ಹ್ವನ್ಯೊ’ ಚಿತ್ರದ ಆ ಕಾಡುವ ಹುಡುಗಿಗೆ ಮುಂದೆ ಏನಾಯಿತು ಎಂಬ ಪ್ರಶ್ನೆಗೆ ಉತ್ತರ ಸಿನಿಮಾದಲ್ಲಿಯೇ, ಅದೂ ಬಹಳ ತಡವಾಗಿ ಸಿಕ್ಕಿತು. ಕಿಮ್ ಕಿ-ಯಂಗ್ ತನ್ನ ಕೊನೆಯ ಚಿತ್ರದಲ್ಲಿ ಮತ್ತೆ ಅವರನ್ನೇ ಹಾಕಿಕೊಂಡಿದ್ದ. ಆದರೆ ಆ ಚಿತ್ರ ಆತ ಬದುಕಿರುವಾಗ ಬಿಡುಗಡೆಯಾಗಲಿಲ್ಲ, 1998ರಲ್ಲಿ ಮನೆಗೆ ಬಿದ್ದ ಬೆಂಕಿಯಲ್ಲಿ ಆತ ಹೆಂಡತಿಯೊಡನೆ ತೀರಿಕೊಂಡ.

2003ರಲ್ಲಿ ಇಮ್ ಸಾಂಗ್-ಸೂ ಎಂಬ ನಿರ್ದೇಶಕ ಅವರನ್ನು ಸಿನಿಮಾಕ್ಕೆ ಮರಳಿ ತಂದ. ಆ ಚಿತ್ರದಲ್ಲಿ ಅವರದು ಅತ್ತೆಯ ಪಾತ್ರವೇ, ಆದರೆ ಎಂಥ ಅತ್ತೆ! ಗಂಡ ಕಾಯಿಲೆಯಿಂದ ಸಾಯುತ್ತಿರುವಾಗಲೇ, ತಾನು ಬೇರೊಬ್ಬನನ್ನು ಪ್ರೀತಿಸುತ್ತಿದ್ದೇನೆಂದು ಯಾವ ಅಳುಕೂ ಇಲ್ಲದೆ ಹೇಳುವ ಹೆಂಗಸು. ಅನೇಕ ನಟಿಯರು ಹಿಂಜರಿಯಬಹುದಾದ ಪಾತ್ರವದು. 2010ರಲ್ಲಿ ಅದೇ ನಿರ್ದೇಶಕ ‘ಹನ್ಯೊ’ ಕಥೆಯನ್ನೇ ಹೊಸದಾಗಿ ಮಾಡಿದಾಗ ಕೆಲಸದ ಹುಡುಗಿಯ ಪಾತ್ರವನ್ನು ಜಾನ್ ದೊ-ಯನ್ ಮಾಡಿದರು. ಯೂನ್ ಅವರು ಮಾಡಿದ್ದು, ಶ್ರೀಮಂತರ ಮನೆಯಲ್ಲಿ ಎಲ್ಲವನ್ನೂ ನೋಡಿ, ನುಂಗಿ, ಚಾಡಿ ಹೇಳಿಯೂ ಬದುಕಿದ ಹಳೆಯ ಕೆಲಸದಾಕೆಯ ಪಾತ್ರವನ್ನು. 24ರ ವಯಸ್ಸಿನಲ್ಲಿ ಒಂದು ಕಥೆಯ ಹುಡುಗಿಯಾಗಿದ್ದವರು 63ರಲ್ಲಿ ಅದೇ ಕಥೆಯ ಮುದುಕಿಯಾಗುವ ಅವಕಾಶ ಎಷ್ಟು ಜನ ಕಲಾವಿದರಿಗೆ ಸಿಕ್ಕೀತು? ಆ ವರ್ಷ ಬ್ಲೂ ಡ್ರ್ಯಾಗನ್ ಪ್ರಶಸ್ತಿಯಲ್ಲಿ ಶ್ರೇಷ್ಠ ಪೋಷಕ ನಟಿ ಅವರೇ ಆದರು.

ಬಳಿಕ 2016ರ ‘ಬಾಕಸ್ ಲೇಡಿ’. ಸೋಲ್‌ನ ಜಾಂಗ್ನೊ ಭಾಗದ ಉದ್ಯಾನಗಳಲ್ಲಿ ಬಾಕಸ್ ಎಂಬ ಪೇಯ ಮಾರುವ ನೆಪದಲ್ಲಿ ಮೈ ಮಾರಿಕೊಂಡು ಬದುಕುವ ವೃದ್ಧೆ ಸೊ-ಯಂಗ್‌ಳ ಪಾತ್ರ. ಶ್ರೀಮಂತವಾದ ಆ ದೇಶದಲ್ಲಿ ವೃದ್ಧರ ಬಡತನ ಎಷ್ಟು ಹೆಚ್ಚೆಂಬುದನ್ನು ಬಲ್ಲವರಿಗೆ ಇದು ಕೇವಲ ಕಲ್ಪನೆಯಲ್ಲ. ಅಳಿಸುವುದಕ್ಕೆ ಬೇಕಾದ ಎಲ್ಲ ಸಾಮಗ್ರಿ ಇದ್ದ ಕಥೆಯಲ್ಲಿ ಅವರು ಒಮ್ಮೆಯೂ ಮರುಕ ಬೇಡುವುದಿಲ್ಲ. ಸಂತೆಗೆ ಹೋಗಿಬರುವವರ ಹಾಗೆ ದಿನದ ಕೆಲಸಕ್ಕೆ ಹೋಗಿಬರುತ್ತಾರೆ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಅಭಿನಯ ಇದು, ‘ಮಿನಾರಿ’ಯದಲ್ಲ.

ಉತ್ತರ – ತುಂಗಾತೀರ

ಇಬ್ಬರಿಗೂ ವಂದನೆಗಳು. ಹಾಗಾದರೆ ‘ಮಿನಾರಿ’ಯ ಅಜ್ಜಿ ಎಲ್ಲಿಂದ ಬಂದಳು? ಧಾರಾವಾಹಿಯ ತಾಯಂದಿರಿಂದಲೆ, ‘ಹ್ವನ್ಯೊ’ದ ಹುಡುಗಿಯಿಂದಲೆ?

ಉತ್ತರ – ಸಂಜೆಯ ಧಾರಾವಾಹಿ

ಇಬ್ಬರಿಂದಲೂ ಎಂದು ನನಗನ್ನಿಸುತ್ತದೆ, ಮತ್ತು ಈ ವಿಷಯದಲ್ಲಿ ಮೇಲಿನವರ ತಕರಾರನ್ನು ಅರ್ಧ ಒಪ್ಪುತ್ತೇನೆ. ಮೊಮ್ಮಗ ಡೇವಿಡ್‌ಗೆ ಆಕೆಯ ಮೇಲಿರುವ ದೂರೇ, ಈಕೆ ಅಜ್ಜಿಯ ಹಾಗಿಲ್ಲ ಎಂಬುದು. ಬಿಸ್ಕತ್ತು ಮಾಡಲು ಬಾರದು, ಬೈಗುಳ ಬರುತ್ತದೆ, ಹ್ವಾತು ಎಲೆಯಾಟ ಬರುತ್ತದೆ. ನಿರ್ದೇಶಕ ಲೀ ಐಸಾಕ್ ಚಂಗ್ ತನ್ನ ಸ್ವಂತ ಅಜ್ಜಿಯ ನೆನಪಿನಿಂದ ಬರೆದ ಪಾತ್ರವಾದರೂ, ನಿಮ್ಮ ಅಜ್ಜಿಯನ್ನು ಅನುಕರಿಸಬೇಕೆ ಎಂದು ಯೂನ್ ಕೇಳಿದಾಗ ಬೇಡವೆಂದರಂತೆ. ಆ ಸ್ವಾತಂತ್ರ್ಯದಲ್ಲಿ ಅವರು ಕಟ್ಟಿದ್ದು, ಹೊರಗೆ ಧಾರಾವಾಹಿಯ ತಾಯಿಯಂತೆ ಸಲೀಸಾಗಿ ಓಡಾಡಿಕೊಂಡು, ಒಳಗೆ ಯಾರ ಅಂಕೆಗೂ ಸಿಗದ ಹೆಂಗಸನ್ನು. ಮಿನಾರಿ ಎನ್ನುವುದು ನಮ್ಮ ಒಂದೆಲಗದ ಸಸ್ಯಕುಟುಂಬಕ್ಕೇ ಸೇರಿದ, ನೀರಿನ ಪಸೆಯಿದ್ದಲ್ಲಿ ಯಾರೂ ಆರೈಕೆ ಮಾಡದಿದ್ದರೂ ಹಬ್ಬುವ ಸೊಪ್ಪು. ಅದರ ಬೀಜ ತಂದು ತೊರೆಯ ಬದಿಯಲ್ಲಿ ಬಿತ್ತುವವಳು ಈ ಅಜ್ಜಿ. ಚಿತ್ರದ ಕಥೆ ನಡೆಯುವುದು 1980ರ ದಶಕದ ಅರ್ಕನ್ಸಾದಲ್ಲಿ, ಅಂದರೆ ಯೂನ್ ಅವರು ಸ್ವತಃ ಫ್ಲಾರಿಡಾದ ವಲಸೆ ಬದುಕನ್ನು ಮುಗಿಸಿ ಬಂದ ಕಾಲದ ಆಸುಪಾಸಿನಲ್ಲಿ ಎಂಬುದನ್ನೂ ಮರೆಯಬಾರದು.

ಆಸ್ಕರ್ ವೇದಿಕೆಯಲ್ಲಿ ಅವರು ತಮ್ಮ ಹೆಸರನ್ನು ತಪ್ಪಾಗಿ ಉಚ್ಚರಿಸಿದವರನ್ನೆಲ್ಲ ಕ್ಷಮಿಸಿದ್ದೇನೆಂದು ನಗಿಸಿ (ಕನ್ನಡದಲ್ಲಿ ಆ ಹೆಸರನ್ನು ಬರೆಯಲು ಒದ್ದಾಡುತ್ತಿರುವ ನಮಗೂ ಆ ಕ್ಷಮೆ ಸಲ್ಲುತ್ತದೆಂದು ನಂಬಿದ್ದೇನೆ), ಹೊರಗೆ ಹೋಗಿ ದುಡಿಯಿರೆಂದು ಒತ್ತಾಯಿಸಿದ ಮಕ್ಕಳಿಬ್ಬರನ್ನು ನೆನೆದು, ಕೊನೆಗೆ ಆ ಪ್ರಶಸ್ತಿಯನ್ನು ತಮ್ಮ ಮೊದಲ ನಿರ್ದೇಶಕ ಕಿಮ್ ಕಿ-ಯಂಗ್ ಅವರಿಗೆ ಅರ್ಪಿಸಿದರು. ಐವತ್ತು ವರ್ಷಗಳ ನಂತರವೂ ಅವರು ಮರೆಯದ ಹೆಸರು ಅದೇ ಆಗಿತ್ತು.

ಉತ್ತರ – ನೆಗೆಟಿವ್ ರೀಲು

ನೋಡುವ ಕ್ರಮದ ಬಗ್ಗೆ ಯಾರೂ ಹೇಳಲಿಲ್ಲ. ನಾನಾದರೆ 1960ರ ‘ಹನ್ಯೊ’ದಿಂದ ಆರಂಭಿಸುತ್ತೇನೆ, ಅದರಲ್ಲಿ ಯೂನ್ ಇಲ್ಲ, ಆದರೆ ಕೊರಿಯನ್ ಚಲನಚಿತ್ರ ಭಂಡಾರ ಅದನ್ನು ಯೂಟ್ಯೂಬಿನಲ್ಲಿಯೇ ಇಟ್ಟಿದೆ, ಮತ್ತು ಅದನ್ನು ನೋಡದೆ 1971ರದೂ 2010ರದೂ ಪೂರ್ತಿ ಹಿಡಿತಕ್ಕೆ ಬರುವುದಿಲ್ಲ. ಆಮೇಲೆ ಆ ಎರಡು, ನಂತರ ‘ಬಾಕಸ್ ಲೇಡಿ’. ಧಾರಾವಾಹಿಯಲ್ಲಿ ಒಂದನ್ನೇ ನೋಡುವುದಾದರೆ ಆಪಲ್ ಟಿವಿಯ ‘ಪಚಿಂಕೊ’ ಸಾಕು. ಜಪಾನಿನಲ್ಲಿ ಮುದುಕಿಯಾದ ಸುಂಜಾ (ಈ ಪಾತ್ರ ಯೂನ್ ಅವರದು), ಬೇರೆಯವರ ಮನೆಯಲ್ಲಿ ಊಟಕ್ಕೆ ಕುಳಿತು, ಒಂದು ತುತ್ತು ಬಿಳಿ ಅನ್ನ ಬಾಯಿಗಿಟ್ಟೊಡನೆ ಅದು ಕೊರಿಯಾದ ನೆಲದ ಅಕ್ಕಿ ಎಂದು ಗುರುತಿಸುವ ದೃಶ್ಯ ಅದರಲ್ಲಿದೆ. ಹಿಂದಿನ ಕಂತುಗಳನ್ನು ದಾಟಿ ಅಲ್ಲಿಗೆ ಹಾರಬೇಡಿ. ಹುಡುಗಿ ಸುಂಜಾ ಆ ಅನ್ನವನ್ನು ಯಾವಾಗ ಉಂಡಿದ್ದಳೆಂಬುದನ್ನೂ ಧಾರಾವಾಹಿಯೇ ಹೇಳುತ್ತದೆ.