ವಾರಂ ಪರ್ಸಿ: ಊರು ಅಳಿದ ಮೇಲೂ ಅಲ್ಲಿನ ಸ್ಮಶಾನಕ್ಕೆ ಹೆಣಗಳು ಬಂದದ್ದು ಎಲ್ಲಿಂದ?

ಪ್ರಶ್ನೆ

ಇಂಗ್ಲೆಂಡಿನ ಯಾರ್ಕ್‌ಷೈರ್ ವೋಲ್ಡ್ಸ್ ಗುಡ್ಡಗಳ ನಡುವೆ ವಾರಂ ಪರ್ಸಿ ಎಂಬ ಮಧ್ಯಯುಗದ ಹಾಳೂರೊಂದಿದೆ. ಮನೆಗಳೆಲ್ಲ ಹುಲ್ಲು ಬೆಳೆದ ದಿಬ್ಬಗಳಾಗಿವೆ. ನಿಂತಿರುವುದು ಸೇಂಟ್ ಮಾರ್ಟಿನ್ ಚರ್ಚಿನ ಚಾವಣಿಯಿಲ್ಲದ ಗೋಡೆಗಳು, ಅರ್ಧ ಕುಸಿದ ಗೋಪುರ ಮತ್ತು ಸುತ್ತಲಿನ ಸ್ಮಶಾನ ಮಾತ್ರ. ಯಾರ್ಕ್‌ನಲ್ಲಿರುವ ಬಂಧುಗಳೊಂದಿಗೆ ಅಲ್ಲಿಗೆ ಹೋಗುವ ಮುನ್ನ ಎರಡು ಸಂಗತಿಗಳನ್ನು ತಿಳಿಯಬೇಕೆನಿಸಿದೆ. ಊರು 1500ರ ಸುಮಾರಿಗೇ ಬರಿದಾಗಿದ್ದರೆ, ಅಲ್ಲಿ ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳ ಸಮಾಧಿಕಲ್ಲುಗಳು ಏಕಿವೆ? ಚರ್ಚಿನ ಗೋಡೆಯಲ್ಲಿ ಕಲ್ಲಿನಿಂದ ಮುಚ್ಚಿದ ದೊಡ್ಡ ಕಮಾನುಗಳು ಚಿತ್ರಗಳಲ್ಲಿ ಕಾಣುತ್ತವೆ. ಪ್ಲೇಗ್ ಬಂದು ಜನರೆಲ್ಲ ಸತ್ತದ್ದಕ್ಕೂ ಇದಕ್ಕೂ ಸಂಬಂಧವಿದೆಯೇ?

ಮೊದಲ ಉತ್ತರ

ಆ ಚರ್ಚು ಒಂದು ಊರಿನದಲ್ಲ, ಒಂದು ಪ್ಯಾರಿಷ್‌ನದು (ಒಂದೇ ಚರ್ಚಿಗೆ ಸೇರಿದ ಊರುಗಳ ವ್ಯಾಪ್ತಿ) ಎಂಬುದನ್ನು ಹಿಡಿದುಕೊಂಡರೆ ನಿಮ್ಮ ಮೊದಲ ಪ್ರಶ್ನೆ ಬಿಡಿಸಿಕೊಳ್ಳುತ್ತದೆ. ವಾರಂ ಪರ್ಸಿಯ ಜೊತೆಗೆ ಥಿಕ್ಸೆಂಡೇಲ್, ರೈಸ್‌ಥಾರ್ಪ್, ಬರ್ಡೇಲ್ ಮತ್ತು ಟೌಥಾರ್ಪ್ ಎಂಬ ನೆರೆಯ ಊರುಗಳೂ ಅದೇ ಪ್ಯಾರಿಷ್‌ಗೆ ಸೇರಿದ್ದವು. ಮಗುವಿನ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಎಲ್ಲವೂ ತಮ್ಮ ಪ್ಯಾರಿಷ್ ಚರ್ಚಿನಲ್ಲಿಯೇ ನಡೆಯಬೇಕಾಗಿದ್ದುದರಿಂದ, ಚರ್ಚಿನ ಪಕ್ಕದ ಮನೆಗಳು ಮಣ್ಣುಗೂಡಿದ ಮೇಲೂ ಥಿಕ್ಸೆಂಡೇಲ್‌ನವರು ಕೆಲವು ಮೈಲಿ ಗುಡ್ಡದ ದಾರಿ ನಡೆದು ತಮ್ಮವರ ಹೆಣಗಳನ್ನು ಅಲ್ಲಿಗೇ ತರುತ್ತಿದ್ದರು. ನೀವು ನೋಡಿರುವ ಸಮಾಧಿಕಲ್ಲುಗಳು ಇಂಥ ನೆರೆಯೂರಿನವರವು. 1870ರಲ್ಲಿ ಥಿಕ್ಸೆಂಡೇಲ್‌ಗೆ ತನ್ನದೇ ಚರ್ಚು ಕಟ್ಟಿದ ಮೇಲೆ ಹಳೆಯ ಚರ್ಚಿಗೆ ಬರುವವರು ತೀರ ಕಡಿಮೆಯಾದರು. ಅಲ್ಲಿ ನಿಯತವಾದ ಪ್ರಾರ್ಥನೆ ಕೊನೆಗೊಂಡದ್ದು 1949ರಲ್ಲಿ. ಗೋಪುರದ ಒಂದು ಭಾಗ ಬಿದ್ದದ್ದು 1959ರಲ್ಲಿ. ಅಂದರೆ ಚರ್ಚು ಹಾಳಾದ ಕಥೆ ಮಧ್ಯಯುಗದ್ದಲ್ಲ, ನಮ್ಮ ಹಿರಿಯರ ಕಾಲದ್ದು.

ಕಮಾನುಗಳ ವಿಷಯ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಹತ್ತನೆಯ ಶತಮಾನದ ಸಣ್ಣ ಮರದ ಕಟ್ಟಡದ ಜಾಗದಲ್ಲಿ ಕಲ್ಲಿನ ಚರ್ಚು ಎದ್ದಿತು. ಜನ ಹೆಚ್ಚಿದಂತೆ ಹನ್ನೆರಡನೆಯ ಶತಮಾನದಲ್ಲಿ ದಕ್ಷಿಣಕ್ಕೂ ಹದಿಮೂರನೆಯ ಶತಮಾನದಲ್ಲಿ ಉತ್ತರಕ್ಕೂ ಪಡಸಾಲೆಗಳನ್ನು ಸೇರಿಸಲು ಗೋಡೆಗಳನ್ನು ಒಡೆದು ಕಮಾನುಗಳನ್ನು ತೆರೆದರು. ಮುಂದೆ ಜನ ಕಡಿಮೆಯಾಗಿ, ಅಷ್ಟು ದೊಡ್ಡ ಕಟ್ಟಡವನ್ನು ನೋಡಿಕೊಳ್ಳುವ ಶಕ್ತಿಯೂ ಅಗತ್ಯವೂ ಇಲ್ಲದಾದಾಗ ಪಡಸಾಲೆಗಳನ್ನು ಕೆಡವಿ, ಅದೇ ಕಮಾನುಗಳಿಗೆ ಕಲ್ಲು ತುಂಬಿದರು. ಹೋದಾಗ ಗೋಪುರದತ್ತ ಧಾವಿಸದೆ ಆ ಎರಡು ಗೋಡೆಗಳ ಮುಂದೆ ನಿಂತು ನೋಡಿ; ಜನಸಂಖ್ಯೆಯ ಏರಿಳಿತ ಇಷ್ಟು ಸ್ಪಷ್ಟವಾಗಿ ಕಲ್ಲಿನಲ್ಲಿ ಕಾಣುವ ಜಾಗಗಳು ಅಪರೂಪ.

ಎರಡನೆಯ ಉತ್ತರ

ಮೇಲಿನವರು ಪ್ಲೇಗಿನ ಪ್ರಶ್ನೆಯನ್ನು ಮುಟ್ಟಿಲ್ಲವಾದ್ದರಿಂದ ಅಷ್ಟನ್ನು ಸೇರಿಸುತ್ತೇನೆ. 1348–49ರ ಮಹಾಮಾರಿ ಊರನ್ನು ಬಡವಾಗಿಸಿತು, ಆದರೆ ಬರಿದು ಮಾಡಲಿಲ್ಲ. ಅದರ ನಂತರವೂ ಹಲವು ತಲೆಮಾರು ಅಲ್ಲಿ ಒಲೆ ಉರಿಯಿತು. ಉಣ್ಣೆಗೆ ಬೆಲೆ ಬಂದು, ಉಳುಮೆಗಿಂತ ಕುರಿ ಸಾಕಣೆ ಭೂಮಾಲೀಕರಿಗೆ ಲಾಭವಾದಾಗ, ಹದಿನೈದನೆಯ ಶತಮಾನದಲ್ಲಿ ಊರಿನ ಒಡೆತನ ಪಡೆದಿದ್ದ ಹಿಲ್ಟನ್ ಮನೆತನದ ಕಾಲದಲ್ಲಿ ಕೊನೆಯ ಕೆಲವು ಕುಟುಂಬಗಳನ್ನು ಒಕ್ಕಲೆಬ್ಬಿಸಿ ಹೊಲಗಳನ್ನು ಹುಲ್ಲುಗಾವಲು ಮಾಡಲಾಯಿತು. ರೋಗಕ್ಕೆ ಹೊರಿಸಿಬಿಟ್ಟರೆ ಇದರಲ್ಲಿ ಮನುಷ್ಯರ ಕೈವಾಡ ಮರೆಯಾಗುತ್ತದೆ, ಅದಕ್ಕಾಗಿ ಒತ್ತಿ ಹೇಳುತ್ತಿದ್ದೇನೆ. ನಮ್ಮ ಕಂದಾಯ ದಾಖಲೆಗಳ ಬೇಚಿರಾಕ್ (ಜನವಸತಿಯಿಲ್ಲದ) ಗ್ರಾಮಗಳ ಬಗ್ಗೆಯೂ ‘ಪ್ಲೇಗಿಗೆ ಹಾಳಾಯಿತು’ ಎಂಬ ಒಂದೇ ಉತ್ತರವನ್ನು ಕೇಳುತ್ತ ಬೆಳೆದವರು ನಾವು. ಇಲ್ಲಿನ ನಿಜ ತಿಳಿದದ್ದು 1950ರಿಂದ 1990ರವರೆಗೆ ಪ್ರತಿ ಬೇಸಿಗೆಯಲ್ಲೂ ನಡೆದ ಉತ್ಖನನದಿಂದ. ಅದರ ಮುಂದಾಳುಗಳು ಮಾರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್.

ಮೂರನೆಯ ಉತ್ತರ

ಸ್ಮಶಾನದ ಬಗ್ಗೆ ಒಂದು ಮಾತು. ಚರ್ಚಿನ ಒಳಗೂ ಅಂಗಳದಲ್ಲೂ ಸುಮಾರು 700 ಅಸ್ಥಿಪಂಜರಗಳನ್ನು ಹೊರತೆಗೆದು ಅಧ್ಯಯನ ಮಾಡಿದ್ದಾರೆ. ಅವರಲ್ಲಿ ಬಹುಪಾಲು ಜನ ಹೆಸರು ಕೆತ್ತಿದ ಕಲ್ಲಿನ ಭಾಗ್ಯವಿಲ್ಲದ ಒಕ್ಕಲು ಮಕ್ಕಳು. ಹದಿನಾಲ್ಕು ವರ್ಷದ ಮಕ್ಕಳ ಎತ್ತರ ಇಂದಿನ ಹತ್ತು ವರ್ಷದವರಷ್ಟೇ ಇತ್ತು. ಮೂಳೆಯಲ್ಲಿನ ಸಾರಜನಕದ ಅಳತೆಯಿಂದ ಶಿಶುಗಳು ಸುಮಾರು ಒಂದೂವರೆ ವರ್ಷದವರೆಗೆ ತಾಯಿಹಾಲು ಕುಡಿದದ್ದು ಗೊತ್ತಾಗಿದೆ. ಅಷ್ಟು ಕಾಲ ಹಾಲೂಡಿಸಿದ ತಾಯಂದಿರಿಗೂ ಆ ಮಕ್ಕಳನ್ನು ಮುಂದೆ ಹೊಟ್ಟೆತುಂಬ ಉಣಿಸಲು ಆಗಲಿಲ್ಲವಲ್ಲ ಎಂಬುದು ಓದಿದಾಗಲೆಲ್ಲ ನನ್ನನ್ನು ಕಾಡುತ್ತದೆ.

ಅಂತರ್ಜಾಲದಲ್ಲಿ ವಾರಂ ಪರ್ಸಿ ಎಂದು ಹುಡುಕಿದರೆ ಮೊದಲು ಸಿಗುವುದು ‘ಎದ್ದು ಬರುವ ಹೆಣಗಳ’ ಸುದ್ದಿ. 2017ರಲ್ಲಿ ಪ್ರಕಟವಾದ ಆ ಅಧ್ಯಯನ 137 ಮೂಳೆತುಣುಕುಗಳನ್ನು ಕುರಿತದ್ದು. ಹನ್ನೊಂದರಿಂದ ಹದಿನಾಲ್ಕನೆಯ ಶತಮಾನದವರೆಗಿನ, ಕನಿಷ್ಠ ಹತ್ತು ಜನರ ಈ ಮೂಳೆಗಳ ಮೇಲೆ ಚಾಕುವಿನ ಗೀರುಗಳೂ ಸುಟ್ಟ ಗುರುತುಗಳೂ ಇವೆ. ಗೀರುಗಳು ತಲೆ ಮತ್ತು ಕುತ್ತಿಗೆಯ ಭಾಗದಲ್ಲಿ ಸೇರಿಕೊಂಡಿರುವುದರಿಂದ, ಬರಗಾಲದ ನರಭಕ್ಷಣೆಗಿಂತ, ಸತ್ತವರು ಮರಳಿ ಬಾರದಂತೆ ಮಾಡಿದ ಕ್ರಿಯೆಯೇ ಹೆಚ್ಚು ಸಂಭಾವ್ಯವೆಂದು ಸಂಶೋಧಕರು ಹೇಳಿದ್ದಾರೆ. ಆದರೆ ಆ ಮೂಳೆಗಳು ಸಿಕ್ಕಿದ್ದು ಊರೊಳಗಿನ ಗುಂಡಿಯಲ್ಲಿ, ಚರ್ಚಿನ ಸ್ಮಶಾನದಲ್ಲಲ್ಲ. ಸಮಾಧಿಗಳ ನಡುವೆ ನಿಂತು ಮಕ್ಕಳಿಗೆ ಪ್ರೇತದ ಕಥೆ ಹೇಳುವವರಿದ್ದಾರೆ. ನೀವು ದಯವಿಟ್ಟು ಥಿಕ್ಸೆಂಡೇಲ್‌ನಿಂದ ಹೆಣ ಹೊತ್ತು ಬಂದವರ ಕಥೆಯನ್ನೇ ಹೇಳಿ. ವಾಹನ ನಿಲ್ಲಿಸಿದ ಮೇಲೆ ಚರ್ಚಿನವರೆಗೆ ಇಳಿಜಾರಿನ ಕಾಲುದಾರಿಯಲ್ಲಿ ನಡೆಯಬೇಕು; ಮಳೆಯಾಗಿದ್ದರೆ ಗಟ್ಟಿ ಬೂಟು ಬೇಕೇ ಬೇಕು.