ಅಪ್‌ಡೇಟ್: ಕೆಂಪುಕಲ್ಲಿನ ಏರುಮಡಿ ಬೇಸಿಗೆ ತಡೆಯಿತಾ?

ಸುತ್ತ ಕೆಂಪುಕಲ್ಲು ಕಟ್ಟಿ ತರಕಾರಿಗೆ ಏರುಮಡಿ (ನೆಲಕ್ಕಿಂತ ಎತ್ತರಿಸಿದ ಪಾತಿ) ಮಾಡಿದರೆ ನಮ್ಮ ಕಾಸರಗೋಡು ಕಡೆಯ ಬದಿಯಡ್ಕದ ಬಿಸಿಲಿಗೆ ಒಣಗಿ ಹೋಗುವುದಿಲ್ಲವಾ ಅಂತ ಜನವರಿಯಲ್ಲಿ ಇಲ್ಲಿ ಕೇಳಿದ್ದೆ. ಒಂದಡಿಗಿಂತ ಎತ್ತರ ಬೇಡ, ಮೇಲೆ ದಪ್ಪ ಹೊದಿಕೆ ಹಾಕಿ ಅಂದಿದ್ದಿರಿ. ಹಾಗೇ ಮಾಡಿದೆ. ಈಗ ಏಪ್ರಿಲ್ ಕೊನೆ.

ಹರಿವೆ ಮೊದಲು ಕೈಗೆ ಬಂತು, ಅದು ಹೇಗೂ ತಿಂಗಳ ಬೆಳೆ. ಬೆಂಡೆ, ಅಲಸಂಡೆ ಈಗಲೂ ಕೊಯ್ಯುತ್ತಿದ್ದೇವೆ. ನಿಜವಾಗಿ ಕೆಲಸ ಮಾಡಿದ್ದು ಹೊದಿಕೆಗೆ ಹಾಕಿದ ಅಡಿಕೆ ಸೋಗೆ (ಅಡಿಕೆ ಮರದ ಗರಿ). ಕತ್ತರಿಸಿ ಹಾಸಿದ ಕಡೆ ಬೆಳಿಗ್ಗೆ ಹಾಕಿದ ನೀರಿನ ತೇವ ಸಂಜೆಗೂ ಇರುತ್ತದೆ. ಬರಿ ಮಣ್ಣು ಬಿಟ್ಟ ಮೂಲೆ ಮಧ್ಯಾಹ್ನಕ್ಕೇ ಒಣಗುತ್ತದೆ. ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿಯ) ನೀರು ಬೇಸಿಗೆಯಲ್ಲಿ ಸಪೂರ ಆಗುವುದು ಇಲ್ಲಿಯವರಿಗೆ ಗೊತ್ತೇ ಇದೆ, ಸೋಗೆ ಇಲ್ಲದಿದ್ದರೆ ಕಷ್ಟವಿತ್ತು. ಇನ್ನೊಂದು, ಕಲ್ಲು ಜಾಸ್ತಿ ಕಾಯುತ್ತದೆ. ಅಂಚಿನಿಂದ ಒಂದು ಗೇಣು ಒಳಗೆ ನೆಟ್ಟ ಗಿಡಗಳೇ ಚೆನ್ನಾಗಿವೆ.

ನಮ್ಮ ಮಣ್ಣು ಹುಳಿ ಅಂತ ಸುಣ್ಣ ಮೊದಲೇ ಬೆರೆಸಿದ್ದೆ, ಹಟ್ಟಿಗೊಬ್ಬರ ಆಮೇಲೆ.

ಮುಳ್ಳುಸೌತೆಗೆ ಮಾತ್ರ ಹಣ್ಣುನೊಣದ ಕಾಟ. ಹೂ ಬಾಡಿದ ಕೂಡಲೇ ಎಳೆ ಕಾಯಿಗೆ ಕಾಗದದ ಚೀಲ ಕಟ್ಟಿದ ಮೇಲೆ ಕಡಿಮೆಯಾಯಿತು. ಅತ್ತೆ ನೋಡಿ ನಗುತ್ತಾರೆ, ನಗಲಿ.

ಮಳೆಗಾಲಕ್ಕೂ ಇದೇ ಮಡಿಯಲ್ಲಿ ಬೆಂಡೆ ಹಾಕುತ್ತೇನೆ. ಬುಡದಲ್ಲಿ ನೀರು ನಿಲ್ಲುವುದಿಲ್ಲ ಅಲ್ವಾ?